ಕ್ಯೂ ಟಿಪ್ ಶೇಪರ್

ಕ್ಯೂ ಟಿಪ್ ಶೇಪರ್ ಎಂಬುದು ಪೂಲ್, ಸ್ನೂಕರ್ ಮತ್ತು ಬಿಲಿಯರ್ಡ್ಸ್ ಆಟಗಳ ಕ್ಯೂ ಕೋಲಿನ ತುದಿಗೆ ಅಂಟಿಸಿರುವ ಚರ್ಮದ ಬಿಲ್ಲೆಯನ್ನು ಗುಮ್ಮಟದ ಆಕಾರಕ್ಕೆ ಉಜ್ಜುವ ಸಣ್ಣ ಸಾಧನ. ಈ ಬಿಲ್ಲೆಗೆ ಟಿಪ್ ಎನ್ನುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ತಾಲ್ಲೂಕು ಕೇಂದ್ರಗಳ ಹಾರ್ಡ್‌ವೇರ್ ಮತ್ತು ವಿದ್ಯುತ್ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ವಸ್ತುಗಳಿಂದ ಇದನ್ನು ಮನೆಯಲ್ಲಿಯೇ ತಯಾರಿಸಬಹುದು.

ಹಿನ್ನೆಲೆ

ಚರ್ಮದ ಟಿಪ್ ಬಳಕೆಗೆ ಬಂದದ್ದು 19ನೆಯ ಶತಮಾನದ ಆರಂಭದಲ್ಲಿ. ಇದರ ಶ್ರೇಯಸ್ಸನ್ನು ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ಅವರಿಗೆ ನೀಡಲಾಗುತ್ತದೆ. ಕರ್ನಾಟಕದಲ್ಲಿ ಈ ಆಟಗಳ ಪ್ರಮುಖ ಕೇಂದ್ರ ಬೆಂಗಳೂರು. ಅಲ್ಲಿಯೇ ಆಡಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದರು.

ಅಗತ್ಯ

ಹೊಡೆತಗಳಿಂದ ಟಿಪ್ ಕ್ರಮೇಣ ಚಪ್ಪಟೆಯಾಗಿ ಹೊಳಪೇರುತ್ತದೆ. ಹೊಳಪೇರಿದ ಚರ್ಮ ಚಾಕ್ ಪುಡಿಯನ್ನು ಹಿಡಿದಿಡುವುದಿಲ್ಲ. ಚೆಂಡಿನ ನಡುಭಾಗ ಬಿಟ್ಟು ಪಕ್ಕಕ್ಕೆ ಹೊಡೆದಾಗ ಕೋಲು ಜಾರುತ್ತದೆ. ಇದಕ್ಕೆ ಮಿಸ್‌ಕ್ಯೂ ಎಂದು ಹೆಸರು. ಜಾರಿದ ಕೋಲು ಮೇಜಿನ ಬಟ್ಟೆಯನ್ನೂ ಹರಿಯಬಹುದು.

ಅಳತೆ

ಪೂಲ್ ಕ್ಯೂವಿನ ಟಿಪ್ ಸಾಮಾನ್ಯವಾಗಿ 12ರಿಂದ 13 ಮಿ.ಮೀ., ಸ್ನೂಕರ್ ಕ್ಯೂವಿನದು 9ರಿಂದ 10 ಮಿ.ಮೀ. ಅಗಲವಿರುತ್ತದೆ. ಅಮೆರಿಕದ ಆಟಗಾರರು ತಮ್ಮ ನಿಕಲ್ ಮತ್ತು ಡೈಮ್ ನಾಣ್ಯಗಳ ಅಂಚಿನ ಬಾಗನ್ನು ಟಿಪ್ಪಿಗೆ ಮಾದರಿಯಾಗಿ ಬಳಸುತ್ತಾರೆ. 2011ರಿಂದ ಚಲಾವಣೆಗೆ ಬಂದ ಒಂದು ರೂಪಾಯಿ ನಾಣ್ಯದ ವ್ಯಾಸ ಸುಮಾರು 22 ಮಿ.ಮೀ.; ಇದು 21.2 ಮಿ.ಮೀ. ವ್ಯಾಸದ ನಿಕಲ್‌ಗೆ ಹತ್ತಿರವಾದುದು. ನಾಣ್ಯವನ್ನು ಅಳತೆಗೆ ಮಾತ್ರ ಬಳಸಬೇಕು. ಅದನ್ನು ಕತ್ತರಿಸುವುದು 2011ರ ನಾಣ್ಯ ಕಾಯ್ದೆಯಂತೆ ಅಪರಾಧ.

ತಯಾರಿಕೆ

ವಿದ್ಯುತ್ ತಂತಿ ಎಳೆಯಲು ಬಳಸುವ 25 ಮಿ.ಮೀ. ಪಿವಿಸಿ ಪೈಪಿನ 5 ಸೆಂ.ಮೀ. ತುಂಡು ಸಾಕು. ಪೈಪಿನ ದಪ್ಪ ಒಂದೇ ಆಗಿರುವುದಿಲ್ಲವಾದ್ದರಿಂದ, ಒಂದು ರೂಪಾಯಿ ನಾಣ್ಯ ಒಳಗೆ ಸರಿಯಾಗಿ ಕೂರುವಂಥದನ್ನು ಆರಿಸಬೇಕು. ತುಂಡನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಎರಡು ಅರೆಗೊಳವೆಗಳು ದೊರೆಯುತ್ತವೆ. ಒಂದರ ಒಳಮೈಗೆ 120 ಸಂಖ್ಯೆಯ ಒರಟು ಉಪ್ಪುಕಾಗದವನ್ನೂ ಇನ್ನೊಂದಕ್ಕೆ 220 ಸಂಖ್ಯೆಯ ನಯವಾದ ಕಾಗದವನ್ನೂ ಚಪ್ಪಲಿ ಅಂಟಿಸುವ ಅಂಟಿನಿಂದ ಸುಕ್ಕಿಲ್ಲದಂತೆ ಅಂಟಿಸಬೇಕು. ಹಿಡಿತಕ್ಕಾಗಿ ಎರಡನ್ನೂ ಬೇವು ಅಥವಾ ಜಾಲಿ ಮರದ ಪಟ್ಟಿಯ ಮೇಲೆ ಕೂರಿಸಬಹುದು.

ಬಳಕೆ

ಕ್ಯೂವಿನ ಬುಡವನ್ನು ನೆಲಕ್ಕೆ ಊರಿ, ಶೇಪರನ್ನು ಟಿಪ್ಪಿನ ಮೇಲಿಟ್ಟು ಹಗುರವಾಗಿ ಹಿಂದೆ ಮುಂದೆ ಆಡಿಸುತ್ತ ಕೋಲನ್ನು ತಿರುಗಿಸುತ್ತಿರಬೇಕು. ತಿರುಗಿಸದಿದ್ದರೆ ಟಿಪ್ ಒಂದೇ ಬದಿಗೆ ಸವೆಯುತ್ತದೆ. ಮೊದಲು ಒರಟು ಕಾಗದದಿಂದ ಆಕಾರ ನೀಡಿ, ಬಳಿಕ ನಯವಾದ ಕಾಗದದಿಂದ ಮುಗಿಸಬೇಕು. ನಾಣ್ಯದ ಅಂಚನ್ನು ಟಿಪ್ಪಿನ ಪಕ್ಕದಲ್ಲಿ ಬೆಳಕಿಗೆ ಹಿಡಿದು ಎರಡರ ಬಾಗನ್ನೂ ಹೋಲಿಸಿ ನೋಡಬಹುದು.

ಎಚ್ಚರಿಕೆ

ಟಿಪ್ಪಿನ ಕೆಳಗಿರುವ ಫೆರೂಲ್ ಎಂಬ ಬಳೆಗೆ ಉಪ್ಪುಕಾಗದ ತಾಗಬಾರದು. ಕೋಲಿನ ಮರವನ್ನು ಉಜ್ಜಿದರೆ ಅದರ ಗಾತ್ರ ಶಾಶ್ವತವಾಗಿ ಕುಗ್ಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಿದರೆ ಸಾಕು. ಪ್ರತಿ ಬಾರಿ ಉಜ್ಜಿದಾಗಲೂ ಚರ್ಮ ತೆಳುವಾಗುವುದರಿಂದ ಅಗತ್ಯವಿದ್ದಾಗ ಮಾತ್ರ ಶೇಪರ್ ಬಳಸಬೇಕು. ಚರ್ಮ ಸವೆದು ಫೆರೂಲಿನ ಅಂಚು ಸಮೀಪಿಸಿದಾಗ ಹೊಸ ಟಿಪ್ ಹಾಕಿಸಬೇಕು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ ಕ್ಯೂವನ್ನು ಬಿಸಿಲಿಗೆ ಬಿಡದೆ, ಗೋಡೆಗೆ ಒರಗಿಸದೆ, ಪೆಟ್ಟಿಗೆಯಲ್ಲಿಡುವುದು ಒಳ್ಳೆಯದು. ಇಲ್ಲವಾದರೆ ಕೋಲು ಬಾಗುವ ಸಂಭವವಿದೆ.