ಬಡಿತ ತಪ್ಪುವ ಎಂಜಿನ್ನಿನ ದೋಷನಿರ್ಣಯ

ನಮ್ಮ ವಿಭಾಗವು ಶಾಸನಸಂಗ್ರಹಕ್ಕೆ ಬಳಸುವ ಹಳೆಯ ಪೆಟ್ರೋಲ್ ಪಿಕಪ್ ಟ್ರಕ್ಕಿನ ಎಂಜಿನ್ನು ಮೇಲಿಂದ ಮೇಲೆ ಬಡಿತ ತಪ್ಪುತ್ತಿದ್ದಿತು. ಎರಡು ಬಾರಿ ನಾವು ಅರ್ಧದಾರಿಯಿಂದ ಹಿಂದಿರುಗಿದೆವು. ಮೂರನೆಯ ಬಾರಿ ತಲಪುವ ವೇಳೆಗೆ, ಪಡಿಯಚ್ಚು ತೆಗೆಯಬೇಕಾಗಿದ್ದ ಕಲ್ಲು ಒಡೆದು ಗೋಡೆಯ ತಳಪಾಯವನ್ನು ಸೇರಿದ್ದಿತು. ಆದುದರಿಂದ ಈ ದೋಷನಿರ್ಣಯದ ಕ್ರಮವನ್ನು ನಿರೂಪಿಸುವುದು ಅಪ್ರಸ್ತುತವಾಗದೆಂದು ಭಾವಿಸುತ್ತೇವೆ.

ನಾಲ್ಕು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ನು ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸೆಕೆಂಡಿಗೆ 80 ಕಿಡಿಗಳು ಹಾರಬೇಕು. ತಪ್ಪಿದ ಕಿಡಿಯು ಕಣ್ಣಿಗೆ ಬೀಳದು. ಅದನ್ನು ಲಕ್ಷಣಗಳಿಂದ ಊಹಿಸತಕ್ಕದ್ದು.

ಮೊದಲು, ದೋಷವು ಯಾವಾಗ ತೋರುವುದೆಂದು ಬರೆದಿಡಬೇಕು. ಮಳೆಯಲ್ಲಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ, ತಂತಿಗಳ ಮೇಲೆ ಸಂಶಯ. ಎಂಜಿನ್ನು ಕಾದ ಮೇಲಾದರೆ ಕಾಯಿಲ್, ಕಂಡೆನ್ಸರುಗಳ ಮೇಲೆ. ತರುವಾಯ, ದೋಷವು ಒಂದೇ ಸಿಲಿಂಡರಿನದೋ ಎಲ್ಲಕ್ಕೂ ಸಂಬಂಧಿಸಿದುದೋ ಎಂಬುದನ್ನು ನಿಷ್ಕರ್ಷಿಸಬೇಕು. ಎಂಜಿನ್ನನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ತಂತಿಯನ್ನು ಬಿಚ್ಚಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಮತ್ತೆ ಚಾಲೂ ಮಾಡಿದಾಗ ವೇಗವು ಕುಗ್ಗದಿದ್ದರೆ ಆ ಸಿಲಿಂಡರು ಮೊದಲೇ ನಿಷ್ಕ್ರಿಯವಾಗಿದ್ದಿತೆಂದು ಅರ್ಥ. ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿನದರೊಡನೆ ಅದಲುಬದಲು ಮಾಡಬೇಕು. ದೋಷವು ಪ್ಲಗ್ಗಿನೊಡನೆಯೇ ಸಾಗಿದರೆ ಕೆಟ್ಟಿರುವುದು ಪ್ಲಗ್ಗು.

ನಮ್ಮ ಗಾಡಿಯಲ್ಲಿ ಕಾದ ಮೇಲೆ ನಾಲ್ಕು ಸಿಲಿಂಡರುಗಳೂ ತಪ್ಪುತ್ತಿದ್ದುವು. ಹೊಸ ಕಾಂಟ್ಯಾಕ್ಟ್ ಪಾಯಿಂಟುಗಳೂ ಬೇಗನೆ ಸುಟ್ಟಿದ್ದುವು. ಹಿಂದೆ ಪ್ಲಗ್, ತಂತಿ, ಕಾಯಿಲ್‌ಗಳನ್ನು ಒಮ್ಮೆಗೇ ಬದಲಾಯಿಸಿದ್ದೆವು. ಕಂಡೆನ್ಸರು ಮಾತ್ರ ಹಳೆಯದಾಗಿ ಉಳಿದಿದ್ದಿತು. ಅದೊಂದನ್ನೇ ಬದಲಿಸಲು ದೋಷವು ನಿಂತಿತು. ಪರೀಕ್ಷೆಗಾಗಿ ಹಳೆಯದನ್ನು ಮರಳಿ ಜೋಡಿಸಲು ಮತ್ತೆ ಕಾಣಿಸಿತು.

ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ಗುರುತಿಸಿಕೊಳ್ಳುವುದೇ ಈ ಕ್ರಮದ ಸಾರ. ಆಕರಗಳನ್ನು ಪರಿಶೀಲಿಸುವಾಗ ವಿದ್ಯಾರ್ಥಿಗಳಿಗೆ ನಾವು ಹೇಳುವುದೂ ಇದನ್ನೇ. ಅದನ್ನು ಗಾಡಿಯ ವಿಷಯದಲ್ಲಿಯೂ ಮೊದಲೇ ಅನುಸರಿಸಿದ್ದರೆ ಆ ಶಾಸನದ ಪಾಠವು ನಮಗೆ ಉಳಿಯುತ್ತಿದ್ದಿತು.