ಬಂಡೆಯಿಂದ ಮೊಟ್ಟೆಗೆ: ಕೆಸ್ಟರ್‌ಸನ್ ಕೊಳಗಳ ಸೆಲೆನಿಯಂ

ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಪಡುವಣ ಅಂಚಿಗೆ ಕರಾವಳಿ ಶ್ರೇಣಿಯ ಬೆಟ್ಟಗಳು ಸಾಲಾಗಿ ನಿಂತಿವೆ. ವರ್ಷದ ಬಹುಪಾಲು ಒಣಗಿಯೇ ಇರುವ ಈ ಬೆಟ್ಟಗಳ ಬಂಡೆ ಹುಟ್ಟಿದ್ದು ಮಾತ್ರ ಸಮುದ್ರದ ತಳದಲ್ಲಿ. ಡೈನೋಸಾರ್‌ಗಳ ಯುಗ ಮುಗಿಯುವ ಹೊತ್ತಿನಲ್ಲಿ ಮತ್ತು ಅದರ ನಂತರದ ಕೋಟ್ಯಂತರ ವರ್ಷಗಳಲ್ಲಿ ಅಲ್ಲಿ ನುಣ್ಣನೆಯ ಕೆಸರು ಪದರಪದರವಾಗಿ ಕೂತಿತು. ಸತ್ತ ಸೂಕ್ಷ್ಮಜೀವಿಗಳ ಶೇಷವೂ ಅದರೊಡನೆ ಬೆರೆಯಿತು. ಮೇಲಿನ ಭಾರಕ್ಕೆ ಒತ್ತಿಕೊಂಡು ಅದು ಜೇಡುಶಿಲೆಯಾಯಿತು. ಭೂಮಿಯ ಹೊರಪದರ ಮಡಿಸಿ ಮೇಲೆದ್ದಾಗ ಆ ಹಳೆಯ ಕಡಲತಳವೇ ಬೆಟ್ಟವಾಗಿ ನಿಂತಿತು. ಇಂಥ ಶಿಲೆಯಲ್ಲಿ ಗಂಧಕದ ಅಂಶ ಹೆಚ್ಚು. ಗಂಧಕವಿರುವಲ್ಲಿ ಅದರ ಹತ್ತಿರದ ಬಂಧುವಾದ ಇನ್ನೊಂದು ಮೂಲವಸ್ತುವೂ ಅತ್ಯಲ್ಪ ಪ್ರಮಾಣದಲ್ಲಿ ಸೇರಿಕೊಂಡಿರುತ್ತದೆ. ಅದೇ ಸೆಲೆನಿಯಂ.

ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ 1817ರಲ್ಲಿ ಗುರುತಿಸಿದ ಈ ವಸ್ತುವಿನ ನಡತೆ ವಿಚಿತ್ರವಾದದ್ದು. ವಯಸ್ಕರೊಬ್ಬರಿಗೆ ದಿನಕ್ಕೆ ಸುಮಾರು 55 ಮೈಕ್ರೊಗ್ರಾಂ ಸೆಲೆನಿಯಂ ಬೇಕು. ಅದಿಲ್ಲದೆ ದೇಹದ ಕೆಲವು ಮುಖ್ಯ ಕಿಣ್ವಗಳು ಕೆಲಸ ಮಾಡಲಾರವು. ಚೀನಾದ ಕೆಲವು ಪ್ರಾಂತಗಳ ಮಣ್ಣಿನಲ್ಲಿ ಇದರ ಕೊರತೆಯಿಂದಾಗಿ ಕೇಶಾನ್ ರೋಗವೆಂಬ ಹೃದಯದ ಕಾಯಿಲೆ ಕಾಣಿಸಿಕೊಂಡಿತ್ತು. ಆದರೆ ದಿನಕ್ಕೆ 400 ಮೈಕ್ರೊಗ್ರಾಂ ದಾಟಬಾರದೆಂಬುದೂ ಅಷ್ಟೇ ಮುಖ್ಯವಾದ ಮಿತಿ. ಅಗತ್ಯಕ್ಕೂ ಅಪಾಯಕ್ಕೂ ನಡುವಿನ ಅಂತರ ಇಷ್ಟು ಕಿರಿದಾಗಿರುವ ಪೋಷಕಾಂಶಗಳು ಬೆರಳೆಣಿಕೆಯವು. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಕುದುರೆ, ದನಗಳ ಕೂದಲು ಉದುರಿ ಗೊರಸು ಕಳಚಿಕೊಳ್ಳುತ್ತಿದ್ದ ಹಳೆಯ ಕಾಯಿಲೆಗೆ ಮೇವಿನಲ್ಲಿದ್ದ ಸೆಲೆನಿಯಂ ಕಾರಣವೆಂಬುದು 1930ರ ದಶಕದಲ್ಲೇ ಪತ್ತೆಯಾಗಿತ್ತು. ಆ ತಿಳಿವಳಿಕೆ ಪಶುವೈದ್ಯದ ಗ್ರಂಥಗಳಲ್ಲಿ ಉಳಿಯಿತು. ಕಾಲುವೆ ಕಟ್ಟುವವರ ಮೇಜಿಗೆ ಅದು ಬರಲಿಲ್ಲ.

ಬೆಟ್ಟದಿಂದಿಳಿಯುವ ಪನೋಚೆಯಂಥ ತೊರೆಗಳು ಮಳೆ ಬಂದಾಗ ಮಾತ್ರ ಹರಿಯುತ್ತವೆ. ಹರಿದಾಗ ಶಿಲೆಯ ಪುಡಿಯನ್ನು ತಂದು ಕಣಿವೆಯ ಬಾಯಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡುತ್ತವೆ. ಕಣಿವೆಯ ಪಡುವಣ ಹೊಲಗಳೆಲ್ಲ ಇಂಥ ಮೆಕ್ಕಲು ಬೀಸಣಿಗೆಗಳ ಮೇಲಿವೆ. ಮಣ್ಣು ಫಲವತ್ತಾದದ್ದು, ಆದರೆ ವರ್ಷದ ಮಳೆ 250 ಮಿಲಿಮೀಟರಿಗೂ ಕಡಿಮೆ. ಅಷ್ಟು ಮಳೆಗೆ ಮಣ್ಣಿನ ಲವಣ ತೊಳೆದುಹೋಗುವುದಿಲ್ಲ. ಸಾವಿರಾರು ವರ್ಷ ಅದು ಇದ್ದಲ್ಲೇ ಇತ್ತು, ಯಾರಿಗೂ ತೊಂದರೆ ಕೊಡದೆ.

1960ರ ದಶಕದ ಕೊನೆಗೆ ಉತ್ತರದ ನದೀಮುಖಜದಿಂದ ದೊಡ್ಡ ಪಂಪುಗಳು ಎತ್ತಿದ ನೀರು ಕಾಲುವೆಯಲ್ಲಿ ಇಲ್ಲಿಗೆ ಬಂತು. ಹತ್ತಿ, ಟೊಮೆಟೊ, ಕರಬೂಜ ಬೆಳೆದವು. ನೀರಾವರಿಯ ನೀರಲ್ಲಿ ಒಂದಷ್ಟು ಲವಣ ಇದ್ದೇ ಇರುತ್ತದೆ; ಗಿಡ ನೀರನ್ನಷ್ಟೇ ಹೀರಿ ಲವಣವನ್ನು ಬೇರಿನ ಬಳಿಯೇ ಬಿಡುತ್ತದೆ. ಅದು ಬೆಳೆಗೆ ತಾಗದಿರಲೆಂದು ರೈತರು ಇನ್ನಷ್ಟು ನೀರು ಹಾಯಿಸಿ ಕೆಳಕ್ಕೆ ತೊಳೆಯುತ್ತಾರೆ. ಸ್ಯಾನ್ ವಾಕೀನ್‌ನಲ್ಲಿ ಆ ನೀರಿಗೆ ಕೆಳಗೆ ದಾರಿಯಿರಲಿಲ್ಲ. ನೆಲದಡಿಯ ಜೇಡಿಪದರಗಳ ಮೇಲೆ ಅದು ನಿಂತಿತು, ವರ್ಷದಿಂದ ವರ್ಷಕ್ಕೆ ಮೇಲೇರಿತು, ಕೊನೆಗೆ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಹೊಲದ ಮುಖಕ್ಕೇ ಬಂದು, ಬಿಸಿಲಿಗೆ ಆವಿಯಾಗಿ, ಬಿಳಿ ಹೊಟ್ಟನ್ನು ಉಳಿಸಿತು. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ರೈತರು ಸವಳು-ಜವಳು ಎಂದು ಕರೆಯುವ ಕಾಟ ಇದೇ.

ಪರಿಹಾರವೂ ಹಳೆಯದೇ. ಆಳೆತ್ತರಕ್ಕಿಂತ ತುಸು ಕೆಳಗೆ ತೂತಿನ ಕೊಳವೆಗಳನ್ನು ಹೂತು, ಬಸಿದು ಬರುವ ನೀರನ್ನು ಬಸಿಗಾಲುವೆಗೆ ಬಿಡುವುದು. ಹಾಗೆ ಬಿಟ್ಟ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಸ್ಯಾನ್ ಲೂಯಿಸ್ ಬಸಿಗಾಲುವೆ ಉತ್ತರವಾಗಬೇಕಿತ್ತು. ಸುಮಾರು 300 ಕಿಲೋಮೀಟರ್ ಉದ್ದಕ್ಕೆ ಹರಿದು ಅದು ನದೀಮುಖಜವನ್ನು ಸೇರಬೇಕೆಂಬುದು ಯೋಜನೆ. ಹಣ ಸಾಲಲಿಲ್ಲ, ಕೆಳಗಿನವರು ಆ ನೀರು ತಮಗೆ ಬೇಡವೆಂದರು. 1975ರಲ್ಲಿ, ಸುಮಾರು 135 ಕಿಲೋಮೀಟರ್ ಕಟ್ಟುವ ಹೊತ್ತಿಗೆ, ಕೆಲಸ ನಿಂತಿತು. ನಿಂತ ಜಾಗದಲ್ಲಿ ಒಟ್ಟು 500 ಹೆಕ್ಟೇರಿನಷ್ಟು ಹರವಿನ, ಆಳವಿಲ್ಲದ 12 ಕೊಳಗಳಿದ್ದವು. ನೀರಿನ ಹರಿವನ್ನು ನಡುದಾರಿಯಲ್ಲಿ ಹಿಡಿದು ಬಿಡಲೆಂದು ತೋಡಿದ ಈ ಕೆಸ್ಟರ್‌ಸನ್ ಜಲಾಶಯ, ಕಾಲುವೆ ಮುಂದೆ ಹೋಗದ ಕಾರಣಕ್ಕೆ, ಕಾಲುವೆಯ ಕೊನೆಯೇ ಆಗಿಹೋಯಿತು. ಒಳಬಂದ ನೀರಿಗೆ ಆವಿಯಾಗುವುದು, ಇಂಗುವುದು ಬಿಟ್ಟರೆ ಬೇರೆ ಗತಿಯಿಲ್ಲ.

ಅದೇ ಜಾಗವನ್ನು ವನ್ಯಜೀವಿಧಾಮವಾಗಿಯೂ ಗುರುತಿಸಲಾಗಿತ್ತು. ಇದನ್ನು ಇಂದು ಓದಿದರೆ ಅವಿವೇಕವೆನಿಸುತ್ತದೆ. ಆ ಹೊತ್ತಿಗೆ ಅದು ಉದಾರವಾದ ಯೋಚನೆಯೇ ಆಗಿತ್ತು. ಮಧ್ಯ ಕ್ಯಾಲಿಫೋರ್ನಿಯಾದ ಮೂಲ ಜೌಗುಪ್ರದೇಶದಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಹೊಲವಾಗಿ ಹೋಗಿದೆ. ಪೆಸಿಫಿಕ್ ತೀರದುದ್ದಕ್ಕೂ ವಲಸೆ ಬರುವ ಲಕ್ಷಾಂತರ ಹಕ್ಕಿಗಳಿಗೆ ಇಳಿಯಲು ಎಲ್ಲಾದರೂ ಒಂದಿಷ್ಟು ನೀರು ಬೇಕಿತ್ತು. ಮೊದಲ ಕೆಲವು ವರ್ಷ ಕೊಳಗಳಿಗೆ ಬಂದದ್ದು ಒಳ್ಳೆಯ ನೀರೇ. 1978ರಿಂದ ಬಸಿನೀರು ಬೆರೆಯತೊಡಗಿತು. 1981ರ ಹೊತ್ತಿಗೆ ಕೊಳಗಳಲ್ಲಿದ್ದುದೆಲ್ಲ ಹೆಚ್ಚುಕಡಿಮೆ ಅದೊಂದೇ.

ಮೊದಲ ಸೂಚನೆ ಮೀನುಗಳಿಂದ ಬಂತು. 1982ರಲ್ಲಿ ನೋಡಿದಾಗ ಕೊಳಗಳಲ್ಲಿ ಮುಂಚೆಯಿದ್ದ ಮೀನಿನ ಜಾತಿಗಳೆಲ್ಲ ಮಾಯವಾಗಿ, ಸೊಳ್ಳೆಮೀನು ಒಂದೇ ಉಳಿದಿತ್ತು. ನಮ್ಮ ಬಾವಿ, ಕೆರೆಗಳಿಗೆ ಸೊಳ್ಳೆಮರಿ ತಿನ್ನಲೆಂದು ಬಿಡುವ ಗಂಬೂಸಿಯಾ ಅದೇ. ಎಂಥ ಕೊಳಕು ನೀರಲ್ಲೂ ಬದುಕುವ ಗಟ್ಟಿಜೀವಿ. ಅದರ ಮೈಯಲ್ಲಿ ಸೆಲೆನಿಯಂ ತುಂಬಿತ್ತು.

ಮರುವರ್ಷ ಮೊಟ್ಟೆಯಿಡುವ ಕಾಲದಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯ ಹ್ಯಾರಿ ಓಲೆನ್‌ಡಾರ್ಫ್ ಮತ್ತು ಅವರ ಸಹೋದ್ಯೋಗಿಗಳು ಗೂಡುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ನಾಮದ ಕೋಳಿ, ಗುಳುಮುಳುಕ, ಮೆಟ್ಟುಗಾಲು ಹಕ್ಕಿಗಳ ಅಮೆರಿಕನ್ ಬಂಧುಗಳು, ಕಾಡುಬಾತುಗಳು ಅಲ್ಲಿ ಗೂಡುಕಟ್ಟಿದ್ದವು. ಒಡೆಯದ ಮೊಟ್ಟೆಗಳ ಒಳಗೆ ಕಂಡದ್ದು ಕಣ್ಣಿಲ್ಲದ ಭ್ರೂಣಗಳು, ಕತ್ತರಿಯಂತೆ ತಿರುಚಿದ ಕೊಕ್ಕುಗಳು, ಕಾಲಿನ ಅಥವಾ ರೆಕ್ಕೆಯ ಜಾಗದಲ್ಲಿ ಬರೀ ಮೊಟಕು, ತಲೆಬುರುಡೆ ಮುಚ್ಚದೆ ಹೊರಚಾಚಿದ ಮಿದುಳು. ಕೊನೆಯವರೆಗೆ ಗಮನಿಸಿದ 347 ಗೂಡುಗಳಲ್ಲಿ ಶೇಕಡ 40ರಷ್ಟರಲ್ಲಿ ಒಂದಾದರೂ ಸತ್ತ ಭ್ರೂಣವಿತ್ತು. ಶೇಕಡ 20ರಷ್ಟರಲ್ಲಿ ಬರಿಗಣ್ಣಿಗೇ ಕಾಣುವ ವಿಕಾರವಿದ್ದ ಭ್ರೂಣವೋ ಮರಿಯೋ ಇತ್ತು.

ಕೃಷಿಭೂಮಿಯ ನೀರೆಂದರೆ ಕೀಟನಾಶಕದ ಮೇಲೆ ಅನುಮಾನ ಹುಟ್ಟುವುದು ಸಹಜ. ಅದನ್ನು ಪಕ್ಕಕ್ಕಿಟ್ಟು ಸೆಲೆನಿಯಂ ಕಡೆ ಬೆರಳು ತೋರಿಸಲು ನೆರವಾದದ್ದು ಹತ್ತಿರದ ವೋಲ್ಟಾ ಎಂಬ ಇನ್ನೊಂದು ಜೌಗುಪ್ರದೇಶ. ಹವೆ ಒಂದೇ, ಹಕ್ಕಿಗಳು ಅವೇ. ಅಲ್ಲಿಗೆ ಬಸಿನೀರು ಹೋಗುತ್ತಿರಲಿಲ್ಲ, ಅಷ್ಟೇ. ಕೆಸ್ಟರ್‌ಸನ್‌ನ ಪಾಚಿ, ಜಲಸಸ್ಯ, ಕೀಟ, ಮೀನುಗಳ ಒಣತೂಕದಲ್ಲಿ ಕಿಲೋಗ್ರಾಮಿಗೆ ಸರಾಸರಿ 22ರಿಂದ 175 ಮಿಲಿಗ್ರಾಂ ಸೆಲೆನಿಯಂ ಸಿಕ್ಕಿತು. ವೋಲ್ಟಾದ ಅಂಥವೇ ಜೀವಿಗಳಿಗೆ ಹೋಲಿಸಿದರೆ ಇದು 12ರಿಂದ 130 ಪಟ್ಟು.

ಇನ್ನೊಂದು ತುದಿಯಿಂದ ನೀರನ್ನು ಹಿಡಿದು ಹೊರಟವರು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ತೆರೇಸಾ ಪ್ರೆಸ್ಸರ್ ಮತ್ತು ಐವಾನ್ ಬಾರ್ನ್ಸ್. ಕೊಳಗಳಿಗೆ ಬರುತ್ತಿದ್ದ ನೀರಿನಲ್ಲಿ ಲೀಟರಿಗೆ ಸುಮಾರು 300 ಮೈಕ್ರೊಗ್ರಾಂ ಸೆಲೆನಿಯಂ ಇತ್ತು. ಕುಡಿಯುವ ನೀರಿಗೆ ಆಗ ವಿಧಿಸಿದ್ದ ಮಿತಿ 10. ಹೊಲಗಳ ಬಸಿಗುಂಡಿಗಳಲ್ಲಿ ಪ್ರಮಾಣ ಇನ್ನೂ ಎಷ್ಟೋ ಹೆಚ್ಚಿತ್ತು. ಜಾಡು ಹಿಡಿದು ಬೆಟ್ಟ ಹತ್ತಿದರೆ, ಶಿಲೆಯಿಂದ ನೀರು ಜಿನುಗುವೆಡೆಗಳಲ್ಲಿ ಬೇಸಿಗೆಗೆ ಕಟ್ಟುವ ಬಿಳಿ ಉಪ್ಪಿನ ಪದರದಲ್ಲೂ ಅದು ಇತ್ತು. ಆ ಉಪ್ಪು ಬಹುಪಾಲು ಸೋಡಿಯಂ ಸಲ್ಫೇಟು. ಅದರ ಹರಳಿನಲ್ಲಿ ಗಂಧಕ ಕೂರಬೇಕಾದ ಕೆಲವು ಜಾಗಗಳಲ್ಲಿ ಸೆಲೆನಿಯಂ ಕೂತಿರುತ್ತದೆ. ಶಿಲೆಯೊಳಗೆ ಕರಗದ ರೂಪದಲ್ಲಿರುವ ಸೆಲೆನಿಯಂ ಗಾಳಿ-ನೀರಿಗೆ ಒಡ್ಡಿಕೊಂಡಾಗ ಉತ್ಕರ್ಷಣಗೊಂಡು ಸೆಲೆನೇಟ್ ಆಗುತ್ತದೆ. ಕ್ಷಾರದ ಮಣ್ಣಿನಲ್ಲಿ ಸೆಲೆನೇಟನ್ನು ತಡೆದು ನಿಲ್ಲಿಸುವಂಥದ್ದು ಏನೂ ಇರುವುದಿಲ್ಲ. ಮಳೆಯಿಲ್ಲದ ಕಾರಣಕ್ಕೆ ನಿಂತಲ್ಲೇ ನಿಂತಿದ್ದ ಅದಕ್ಕೆ ನೀರಾವರಿ ಸವಾರಿಯಾಯಿತು.

ಲೀಟರಿಗೆ 300 ಮೈಕ್ರೊಗ್ರಾಂ ಎಂಬ ಅಂಕಿಯಷ್ಟೇ ಹಕ್ಕಿಗಳ ಗತಿಯನ್ನು ವಿವರಿಸುವುದಿಲ್ಲ. ಹಕ್ಕಿ ಕುಡಿದ ನೀರಿನಿಂದ ಸಾಯಲಿಲ್ಲ. ಪಾಚಿ ಮತ್ತು ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸೆಲೆನೇಟನ್ನು ಗಂಧಕವೆಂದೇ ಬಗೆದು ಒಳಗೆಳೆದುಕೊಳ್ಳುತ್ತವೆ ಮತ್ತು ಅದರಿಂದ ಅಮೈನೋ ಆಮ್ಲಗಳನ್ನು ಕಟ್ಟುತ್ತವೆ. ಎಲ್ಲ ಜೀವಿಗಳಿಗೂ ಬೇಕಾದ ಮಿಥಿಯೋನಿನ್ ಎಂಬ ಅಮೈನೋ ಆಮ್ಲದಲ್ಲಿ ಗಂಧಕದ ಒಂದು ಪರಮಾಣುವಿದೆ. ಅದರ ಬದಲಿಗೆ ಸೆಲೆನಿಯಂ ಕೂತರೆ ಸಿಗುವುದು ಸೆಲೆನೊಮಿಥಿಯೋನಿನ್. ಪ್ರೋಟೀನು ಹೆಣೆಯುವ ಜೀವಕೋಶಕ್ಕೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಪಾಚಿ ತಿಂದ ಹುಳು, ಹುಳು ತಿಂದ ಹಕ್ಕಿ, ಎಲ್ಲದರ ಮೈಯಲ್ಲೂ ಅದು ಪ್ರೋಟೀನಿನ ಭಾಗವಾಗಿ ಸೇರುತ್ತ ಹೋಗುತ್ತದೆ. ಗೂಡುಕಟ್ಟುವ ಕಾಲದಲ್ಲಿ ಹೆಣ್ಣುಹಕ್ಕಿ ಮರಿಗೆಂದು ಮೊಟ್ಟೆಯಲ್ಲಿ ಪ್ರೋಟೀನನ್ನು ತುಂಬುವಾಗ ಸೆಲೆನಿಯಂ ಕೂಡ ಅದರೊಡನೆ ಅಲ್ಲಿಗೆ ಹೋಗುತ್ತದೆ. ಭ್ರೂಣಕ್ಕೆ ಬೇರೆ ಆಹಾರವಿಲ್ಲ. ಅಂಗಗಳು ರೂಪುಗೊಳ್ಳುವ ಮೊದಲ ದಿನಗಳಲ್ಲಿ ಆ ಸೆಲೆನಿಯಂ ಜೀವಕೋಶಗಳಲ್ಲಿ ಉತ್ಕರ್ಷಣದ ಒತ್ತಡವನ್ನು ಹುಟ್ಟಿಸಿ ಬೆಳವಣಿಗೆಯ ಲೆಕ್ಕವನ್ನು ಕೆಡಿಸುತ್ತದೆ ಎಂಬುದು ಇಂದಿನ ವಿವರಣೆ.

ಇದಕ್ಕೆ ಪುರಾವೆ ಒದಗಿದ್ದು ದೇಶದ ಇನ್ನೊಂದು ಅಂಚಿನ ಮೇರಿಲ್ಯಾಂಡಿನ ಪಟುಕ್ಸೆಂಟ್ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ. ಗ್ಯಾರಿ ಹೈನ್ಜ್ ಮತ್ತು ಡೇವಿಡ್ ಹಾಫ್‌ಮನ್ ಅಲ್ಲಿ ಸಾಕಿದ ಬಾತುಗಳಿಗೆ ಕಿಲೋಗ್ರಾಂ ಆಹಾರಕ್ಕೆ 10 ಮಿಲಿಗ್ರಾಂ ಸೆಲೆನಿಯಂ ಇರುವಷ್ಟು ಸೆಲೆನೊಮಿಥಿಯೋನಿನ್ ಬೆರೆಸಿ ಉಣಿಸಿದರು. ಕೆಸ್ಟರ್‌ಸನ್‌ನಲ್ಲಿ ಕಂಡಂಥ ವಿಕಾರಗಳೇ ಭ್ರೂಣಗಳಲ್ಲಿ ಮೂಡಿದವು. ತಾಯಿಬಾತುಗಳಲ್ಲಿ ಹೇಳಿಕೊಳ್ಳುವಂಥ ಕಾಯಿಲೆಯ ಲಕ್ಷಣವಿರಲಿಲ್ಲ. ಅದೇ ಪ್ರಮಾಣದ ಸೆಲೆನಿಯಂ ಅಜೈವಿಕ ಲವಣದ ರೂಪದಲ್ಲಿ ಸಿಕ್ಕಾಗ ಮೊಟ್ಟೆಗಳಿಗೆ ಇಷ್ಟು ಹಾನಿಯಾಗಲಿಲ್ಲ. ಶುದ್ಧ ಆಹಾರಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಅವೇ ಬಾತುಗಳು ಆರೋಗ್ಯವಂತ ಮರಿಗಳನ್ನು ಕೊಟ್ಟವು. ಹಾಗಾಗಿ ಹಾರುವ ಹಕ್ಕಿಗಳನ್ನು ಎಣಿಸಿ ಒಂದು ಜೌಗಿನ ಆರೋಗ್ಯವನ್ನು ಅಳೆಯುವುದು ಸಾಲದು. ಕೆಸ್ಟರ್‌ಸನ್‌ಗೆ ದೊಡ್ಡ ಹಕ್ಕಿಗಳು ವಲಸೆ ಬರುತ್ತಲೇ ಇದ್ದವು, ಕೊಳ ತುಂಬಿದಂತೆಯೇ ಕಾಣುತ್ತಿತ್ತು.

1984ರಲ್ಲಿ ವನ್ಯಜೀವಿಧಾಮದ ಸಿಬ್ಬಂದಿ ಗ್ಯಾಸ್ ಫಿರಂಗಿಗಳ ಸದ್ದು ಮಾಡಿ ಹಕ್ಕಿಗಳನ್ನು ಓಡಿಸುವ ಕೆಲಸಕ್ಕೆ ಇಳಿದರು. ಹಕ್ಕಿಗಳಿಗೆಂದೇ ಮೀಸಲಿಟ್ಟ ತಾಣದಿಂದ ಹಕ್ಕಿಗಳನ್ನು ಬೆದರಿಸಿ ಅಟ್ಟುವುದು ಸರ್ಕಾರಿ ಕರ್ತವ್ಯವಾದದ್ದು ಅಪರೂಪದ ಪ್ರಸಂಗವೇ ಸರಿ. 1985ರ ಮಾರ್ಚಿನಲ್ಲಿ ಕೆಸ್ಟರ್‌ಸನ್ ಮುಚ್ಚುವ ನಿರ್ಧಾರ ಹೊರಬಿತ್ತು; 1986ರಲ್ಲಿ ಬಸಿನೀರು ನಿಂತಿತು; 1988ರಲ್ಲಿ ತಗ್ಗುಗಳಿಗೆ ಮಣ್ಣು ತುಂಬಿ ನೀರು ನಿಲ್ಲದಂತೆ ಮಾಡಿದರು. ಕೊಳದ ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಡೆ ಸೂಕ್ಷ್ಮಜೀವಿಗಳು ಸೆಲೆನೇಟನ್ನು ಮತ್ತೆ ಕರಗದ ರೂಪಕ್ಕೆ ಇಳಿಸಿದ್ದರಿಂದ, ಬಂದ ಸೆಲೆನಿಯಂನ ದೊಡ್ಡ ಪಾಲು ಅಲ್ಲೇ ಮೇಲ್ಮಣ್ಣಿನಲ್ಲಿ ಉಳಿದಿದೆ.

ಮುಚ್ಚುವ ನಿರ್ಧಾರ ಹೊರಬಿದ್ದ ವರ್ಷವೇ, 1985ರಲ್ಲಿ, ಭೂವಿಜ್ಞಾನಿಗಳು, ಜಲವಿಜ್ಞಾನಿಗಳು, ವನ್ಯಜೀವಿ ತಜ್ಞರು ಒಟ್ಟಾಗಿ ಪಶ್ಚಿಮ ರಾಜ್ಯಗಳ 26 ನೀರಾವರಿ ಪ್ರದೇಶಗಳನ್ನು ಪರೀಕ್ಷಿಸುವ ರಾಷ್ಟ್ರೀಯ ಕಾರ್ಯಕ್ರಮವೊಂದು ಶುರುವಾಯಿತು. ವಯೋಮಿಂಗ್, ಯೂಟಾ, ಕ್ಯಾಲಿಫೋರ್ನಿಯಾದ ಇತರ ಕಡೆಗಳಿಂದಲೂ ಇದೇ ಬಗೆಯ ವರದಿಗಳು ಬಂದವು. ಆ ಮಾಹಿತಿಯ ಆಧಾರದ ಮೇಲೆ ಭೂವೈಜ್ಞಾನಿಕ ಸರ್ವೇಕ್ಷಣೆ 1999ರಲ್ಲಿ ಪ್ರಕಟಿಸಿದ ನಕ್ಷೆಯ ಹಿಂದಿನ ತರ್ಕ ಬಹಳ ಸರಳ: ಹಳೆಯ ಕಡಲಶಿಲೆ ಇರಬೇಕು, ಬೀಳುವ ಮಳೆಗಿಂತ ಆವಿಯಾಗುವ ನೀರು ಬಹಳ ಹೆಚ್ಚಿರಬೇಕು, ಹರಿದ ನೀರಿಗೆ ಹೊರದಾರಿ ಇರಬಾರದು. ಈ ಮೂರೂ ಕೂಡಿದ ಜಾಗದಲ್ಲಿ ಒಂದು ಮೊಟ್ಟೆಯನ್ನೂ ಒಡೆಯುವ ಮುಂಚೆಯೇ ಅಪಾಯವನ್ನು ಊಹಿಸಬಹುದು. ಕೊಲರಾಡೊದಲ್ಲಿ ಮ್ಯಾಂಕೋಸ್ ಎಂಬ ಜೇಡುಶಿಲೆಯ ಮೇಲೆ ಹಾಯುವ ಕಾಲುವೆಗಳಿಗೆ ಒಳಪದರ ಹಾಕಿ ಸೋರಿಕೆ ತಡೆಯುವ ಕೆಲಸ ನಡೆದಿರುವುದು ಇದೇ ತಿಳಿವಳಿಕೆಯಿಂದ.

ಭಾರತದಲ್ಲಿ ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರ ಜಿಲ್ಲೆಗಳ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ಅತಿಯಾಗಿದೆ. ಶಿವಾಲಿಕ್ ಬೆಟ್ಟಗಳಿಂದ ಪ್ರವಾಹದ ನೀರು ಅದನ್ನು ತಂದು ಹಾಕಿದೆ. ಕರ್ನಾಟಕದ ಬಹುಭಾಗ ಗ್ರಾನೈಟು, ನೈಸ್ ಮತ್ತು ದಖ್ಖನ್ ಬಸಾಲ್ಟಿನ ನೆಲವಾದ್ದರಿಂದ ಕೆಸ್ಟರ್‌ಸನ್ ಕತೆ ಇಲ್ಲಿ ಹಾಗೆಯೇ ಮರುಕಳಿಸಲಾರದು. ನಮ್ಮ ಗ್ರಾನೈಟು ಕೊಳವೆಬಾವಿಗೆ ಬಿಡುವುದು ಫ್ಲೋರೈಡನ್ನು. ಯಾವ ಬಂಡೆ ಯಾವ ನೀರಿಗೆ ಏನು ಬಿಡುತ್ತದೆ ಎಂಬುದು ಊರಿಂದೂರಿಗೆ ಬೇರೆ. ಅಚ್ಚುಕಟ್ಟಿನ ಬಸಿನೀರಿನ ಪರೀಕ್ಷೆಯಲ್ಲಿ ಒಟ್ಟು ಲವಣಾಂಶದ ಒಂದೇ ಅಂಕಿ ಬರೆದು ಮುಗಿಸಿದರೆ ಇಂಥದ್ದು ಕಣ್ತಪ್ಪುತ್ತದೆ.

ಸ್ಯಾನ್ ವಾಕೀನ್‌ನಲ್ಲಿ ನಿಂತುಹೋದ ಕಾಲುವೆಯನ್ನು ನದೀಮುಖಜದವರೆಗೆ ಯಾರೂ ಮುಂದುವರಿಸಲಿಲ್ಲ. ಅದರ ಒಂದು ತುಂಡನ್ನು 1996ರಿಂದ ಗ್ರಾಸ್‌ಲ್ಯಾಂಡ್ ಪ್ರದೇಶದ ರೈತರು ಬೇರೊಂದು ಕರಾರಿನ ಮೇಲೆ ಬಳಸತೊಡಗಿದರು. ಬಸಿನೀರು ಜೌಗುಗಳ ಕಾಲುವೆಗಳನ್ನು ಸೇರದೆ ಸುತ್ತಿಕೊಂಡು ಹೋಗಬೇಕಿತ್ತು, ಹೊರಗೆ ಬಿಡುವ ಸೆಲೆನಿಯಂಗೆ ತೂಕದ ಮಿತಿಯಿತ್ತು, ಮಿತಿ ವರ್ಷವರ್ಷಕ್ಕೆ ಕುಗ್ಗುತ್ತಿತ್ತು, ಮೀರಿದರೆ ದಂಡವಿತ್ತು. ರೈತರು ನೀರು ಹಾಯಿಸುವ ರೀತಿಯನ್ನು ಬಿಗಿಮಾಡಿದರು. ಉಳಿದ ಉಪ್ಪುನೀರನ್ನು ಅದಕ್ಕೆಂದೇ ಮೀಸಲಿಟ್ಟ ಹೊಲಗಳಲ್ಲಿ, ಲವಣ ತಾಳುವ ಹುಲ್ಲಿನ ಬೆಳೆಗೆ ಮತ್ತೆ ಹಾಯಿಸಿದರು. ನದಿಗೆ ಹೋಗುವ ಸೆಲೆನಿಯಂ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ಉಳಿದದ್ದು ಆ ಹುಲ್ಲುಹೊಲಗಳ ಮಣ್ಣಿನಲ್ಲಿ ಶೇಖರವಾಗುತ್ತಿದೆ. ಅಲ್ಲಿ ಗೂಡುಕಟ್ಟುವ ಹಕ್ಕಿಗಳ ಮೊಟ್ಟೆಗಳನ್ನು ಸಂಗ್ರಹಿಸಿ ಪರೀಕ್ಷಿಸುವುದು ಈ ಏರ್ಪಾಡಿನ ಮಾಮೂಲಿ ಕೆಲಸಗಳಲ್ಲೊಂದಾಗಿದೆ.