ನಮ್ಮ ಗೀತೆಗೆ ನಮ್ಮದೇ ತಾಳ: ಕೀಬೋರ್ಡಿನಲ್ಲಿ ಸ್ಟೈಲ್ ರಚಿಸುವ ಬಗೆ



ನವೆಂಬರ್ 22ರಂದು ಧರ್ಮಸಭೆ ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಮ್ಮನವರ ಹಬ್ಬವನ್ನು ಆಚರಿಸುತ್ತದೆ. ಅದರ ಬೆನ್ನಿಗೇ ಆಗಮನ ಕಾಲ, ಆಮೇಲೆ ಕ್ರಿಸ್ತ ಜಯಂತಿ. ಧರ್ಮಕೇಂದ್ರಗಳ ಗಾನವೃಂದಗಳಿಗೆ ಇದು ಬಿಡುವಿಲ್ಲದ ಸಮಯ. ಹಿಂದೆ ಹಾರ್ಮೋನಿಯಂ ಮತ್ತು ತಬಲ ಇದ್ದ ಕಡೆ ಇಂದು ಬಹುಪಾಲು ಒಂದು ಕೀಬೋರ್ಡ್ ಮಾತ್ರ ಇರುತ್ತದೆ. ಎಡಗೈ ಒಂದು ಕಾರ್ಡ್ ಹಿಡಿದರೆ ಸಾಕು, ಡ್ರಮ್, ಬೇಸ್, ಗಿಟಾರ್, ಪಿಟೀಲು ಎಲ್ಲವೂ ಕೂಡಿ ನುಡಿಯುತ್ತವೆ. ಹೀಗೆ ತಾನೇ ಪಕ್ಕವಾದ್ಯ ನುಡಿಸುವ ಕೀಬೋರ್ಡಿಗೆ ಅರೇಂಜರ್ ಎಂದೂ ಅದು ನುಡಿಸುವ ಒಂದೊಂದು ಮಾದರಿಗೆ ಸ್ಟೈಲ್ ಎಂದೂ ಹೆಸರು.

ಇದರಿಂದ ಉಪಕಾರ ಉಂಟು. ಒಬ್ಬರೇ ವಾದಕರಿರುವ ಸಣ್ಣ ಹಳ್ಳಿಯ ದೇವಾಲಯದಲ್ಲೂ ಹಬ್ಬದ ಕಳೆ ತುಂಬುತ್ತದೆ. ಆದರೆ ಕಾರ್ಖಾನೆಯಿಂದ ಬರುವ ಸ್ಟೈಲ್‌ಗಳಲ್ಲಿ ಹೆಚ್ಚಿನವು ಪಾಪ್, ಡಿಸ್ಕೊ, ವಾಲ್ಟ್ಸ್ ಮೊದಲಾದ ಕುಣಿತದ ಮತ್ತು ಮನರಂಜನೆಯ ಸಂಗೀತಕ್ಕಾಗಿ ಮಾಡಿದವು. ಅವುಗಳಲ್ಲಿ ಒಂದನ್ನು ಹಾಗೆಯೇ ಒತ್ತಿಬಿಟ್ಟರೆ ಜನ ಯಂತ್ರದ ಹಿಂದೆ ಓಡಬೇಕಾಗುತ್ತದೆ. ಸ್ಟೈಲನ್ನು ನಾವೇ ರಚಿಸಿದರೆ ಯಂತ್ರ ಜನರ ಹಿಂದೆ ಬರುತ್ತದೆ. ನಾವು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಸ್ಟೈಲ್ ಎಂದರೇನು?

ಸ್ಟೈಲ್ ಎನ್ನುವುದು ಪೂರ್ತಿ ಹಾಡಿನ ಧ್ವನಿಮುದ್ರಣವಲ್ಲ. ಅದು ಒಂದು, ಎರಡು ಅಥವಾ ನಾಲ್ಕು ಆವರ್ತಗಳ ಸಣ್ಣ ತುಣುಕು. ಯಂತ್ರ ಅದನ್ನು ಮತ್ತೆ ಮತ್ತೆ ತಿರುಗಿಸುತ್ತಾ, ನಾವು ಹಿಡಿದ ಕಾರ್ಡಿಗೆ ತಕ್ಕಂತೆ ಸ್ವರಗಳನ್ನು ಬದಲಿಸುತ್ತದೆ. ಯಮಾಹಾ ಕೀಬೋರ್ಡುಗಳನ್ನೇ ಉದಾಹರಣೆಗೆ ತೆಗೆದುಕೊಂಡರೆ, ಒಂದು ಸ್ಟೈಲಿನಲ್ಲಿ 8 ಭಾಗಗಳು ಇರುತ್ತವೆ: ತಾಳವಾದ್ಯಕ್ಕೆ ಎರಡು, ಬೇಸಿಗೆ ಒಂದು, ಕಾರ್ಡ್ ನುಡಿಸುವ ವಾದ್ಯಗಳಿಗೆ ಎರಡು, ಹಿನ್ನೆಲೆಯ ನೀಳ ನಾದಕ್ಕೆ ಒಂದು, ಸಣ್ಣ ಸ್ವರಪುಂಜಗಳಿಗೆ ಎರಡು. ಇದಲ್ಲದೆ ಆರಂಭಕ್ಕೆ ಇಂಟ್ರೊ, ಹಾಡಿನ ಒಡಲಿಗೆ ಎ ಯಿಂದ ಡಿ ವರೆಗೆ ನಾಲ್ಕು ಮೇನ್, ನಡುವಿನ ತಿರುವಿಗೆ ಫಿಲ್, ಮುಕ್ತಾಯಕ್ಕೆ ಎಂಡಿಂಗ್ ಎಂಬ ವಿಭಾಗಗಳಿವೆ.

ಹೊಸ ಸ್ಟೈಲ್ ಬರೆಯುವ ಸೌಲಭ್ಯ ಮಧ್ಯಮ ಮತ್ತು ದೊಡ್ಡ ಮಾದರಿಗಳಲ್ಲಿ ಸ್ಟೈಲ್ ಕ್ರಿಯೇಟರ್ ಎಂಬ ಹೆಸರಿನಲ್ಲಿದೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಕೆಲವಲ್ಲಿ ಬೇರೆ ಕಡೆ ಸಿದ್ಧಪಡಿಸಿದ ಸ್ಟೈಲನ್ನು ತುಂಬಿಕೊಳ್ಳಬಹುದು. ಆದ್ದರಿಂದ ಧರ್ಮಕೇಂದ್ರಕ್ಕೆ ಕೀಬೋರ್ಡ್ ಕೊಳ್ಳುವಾಗ ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಹಾಡು, ಆಮೇಲೆ ಯಂತ್ರ

ಕೀಬೋರ್ಡಿನ ಸ್ವಿಚ್ ಹಾಕುವ ಮೊದಲು ಗಾನವೃಂದದವರು ಗೀತೆಯನ್ನು ಬರಿಗೈಯಲ್ಲಿ ತಾಳ ಹಾಕುತ್ತಾ ಹಾಡಲಿ. 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬಿದ್ದವೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮ್ಮ ಗತಿ ಸಿಗುತ್ತದೆ. 18 ಪೆಟ್ಟು ಬಿದ್ದರೆ ಗತಿ 72. ಹಿರಿಯರು ಉಸಿರು ತೆಗೆದುಕೊಳ್ಳಲು ಎಲ್ಲಿ ನಿಲ್ಲುತ್ತಾರೆ, ಮಕ್ಕಳು ಎಲ್ಲಿ ಅವಸರಪಡುತ್ತಾರೆ ಎಂಬುದನ್ನೂ ಗಮನಿಸಿ.

ನಂತರ ಎಣಿಕೆ. ಆದಿತಾಳದ ಗೀತೆ 4/4ರಲ್ಲಿ ಸುಲಭವಾಗಿ ಕೂರುತ್ತದೆ. ಬಾಲಯೇಸುವಿನ ಲಾಲಿಹಾಡುಗಳಿಗೆ 6/8 ಒಪ್ಪುತ್ತದೆ. ಅದನ್ನು 3/4ರ ವಾಲ್ಟ್ಸ್‌ನಲ್ಲಿ ನುಡಿಸಿದರೆ ತೊಟ್ಟಿಲು ತೂಗುವ ಭಾವ ಹೋಗಿ ಕುಣಿತದ ಹೆಜ್ಜೆ ಕೇಳಿಸುತ್ತದೆ. ಏಳು ಎಣಿಕೆಯ ಮಿಶ್ರಛಾಪು, ಐದು ಎಣಿಕೆಯ ಖಂಡಛಾಪುಗಳಿಗೆ ಹೊಂದುವ ಸಿದ್ಧ ಸ್ಟೈಲ್ ಸಿಗುವುದು ಅಪರೂಪ. ಎಷ್ಟೋ ಕಡೆ ಇಂತಹ ಗೀತೆಯನ್ನು ಒಂದು ಎಣಿಕೆ ಎಳೆದು ಎಂಟಕ್ಕೆ ಹೊಂದಿಸುತ್ತಾರೆ. ಆಗ ಕನ್ನಡದ ಹ್ರಸ್ವ ದೀರ್ಘವಾಗಿ ಪದದ ಅಂದ ಕೆಡುತ್ತದೆ.

ಇದಕ್ಕೊಂದು ಸರಳ ಉಪಾಯವಿದೆ. ನಿಮ್ಮ ಕೀಬೋರ್ಡಿನಲ್ಲಿ ಏಳರ ಎಣಿಕೆ ಇಲ್ಲದಿದ್ದರೆ 4/4 ಇಟ್ಟುಕೊಂಡು ತುಣುಕಿನ ಉದ್ದವನ್ನು 7 ಅಳತೆ ಮಾಡಿ. ಒಟ್ಟು 28 ಪೆಟ್ಟು ಆಗುತ್ತದೆ. ಏಳರ ನಾಲ್ಕು ಆವರ್ತಗಳು ಅದರಲ್ಲಿ ಸರಿಯಾಗಿ ಕೂರುತ್ತವೆ. ಐದರ ಎಣಿಕೆಗೆ 5 ಅಳತೆ ಸಾಕು, ನಾಲ್ಕು ಆವರ್ತಕ್ಕೆ 20 ಪೆಟ್ಟು. ಆದರೆ ನಡುವೆ ಫಿಲ್ ಒತ್ತಬಾರದು. ಅದು ಒಂದೇ ಅಳತೆಯದ್ದಾದ್ದರಿಂದ ಲೆಕ್ಕ ತಪ್ಪುತ್ತದೆ.

ರಚಿಸುವ ಕ್ರಮ

ಮೊದಲು ತಾಳವಾದ್ಯ. ಹೊಸದಾಗಿ ಆರಂಭಿಸುವವರು ಹತ್ತಿರದ ಒಂದು ಸ್ಟೈಲನ್ನು ತೆರೆದು, ಬೇಡದ ಭಾಗಗಳನ್ನು ಅಳಿಸಿ, ಉಳಿದುದರ ಮೇಲೆ ಕಟ್ಟುವುದು ಸುಲಭ. ತಬಲ ಅಥವಾ ಢೋಲಕ್ ಇದ್ದರೆ ಅದನ್ನೇ ಆರಿಸಿ. ತುಣುಕು ತಿರುಗುತ್ತಿರುವಾಗಲೇ ಒಂದು ಸುತ್ತಿನಲ್ಲಿ ದಪ್ಪ ಪೆಟ್ಟು, ಮುಂದಿನ ಸುತ್ತಿನಲ್ಲಿ ಸಣ್ಣ ಪೆಟ್ಟು ಎಂದು ಪದರ ಪದರವಾಗಿ ತುಂಬಿಸಿ. ಪಾಪ್ ಸ್ಟೈಲ್‌ಗಳಲ್ಲಿ ಜೋರು ಪೆಟ್ಟು ಎರಡು ಮತ್ತು ನಾಲ್ಕನೇ ಎಣಿಕೆಗೆ ಬೀಳುತ್ತದೆ. ನಮ್ಮ ಜನ ಚಪ್ಪಾಳೆ ತಟ್ಟುವುದು ಸಮಕ್ಕೆ, ಅಂದರೆ ಮೊದಲ ಎಣಿಕೆಗೆ. ಆದ್ದರಿಂದ ಸಮದ ಪೆಟ್ಟು ಸ್ಪಷ್ಟವಾಗಿರಲಿ.

ಎರಡನೆಯದು ಬೇಸ್, ಆಮೇಲೆ ಕಾರ್ಡ್. ಯಮಾಹಾದಲ್ಲಿ ಮೂಲ ತುಣುಕನ್ನು ಸಾಮಾನ್ಯವಾಗಿ ಸಿ ಮೇಜರ್ ಸೆವೆಂತ್ ಕಾರ್ಡಿನಲ್ಲಿ ನುಡಿಸಬೇಕು. ಅದರ ಸ್ವರಗಳು ಸಿ, ಇ, ಜಿ, ಬಿ. ಜೊತೆಗೆ ಡಿ ಮತ್ತು ಎ ಬಳಸಬಹುದು. ಸಿ ಯನ್ನು ಷಡ್ಜವೆಂದು ಇಟ್ಟುಕೊಂಡರೆ ಸ, ರಿ, ಗ, ಪ, ದ, ನಿ ಇರಲಿ, ಮಧ್ಯಮ ಬೇಡ ಎಂದು ನೆನಪಿಟ್ಟುಕೊಳ್ಳಬಹುದು. ಬೇಸಿಗೆ ಸ ಮತ್ತು ಪ ಎರಡೇ ಸಾಕು. ಇಂಟ್ರೊ ಮತ್ತು ಎಂಡಿಂಗ್‌ಗಳಿಗೆ ಈ ಕಟ್ಟುಪಾಡು ಇಲ್ಲ. ಹಾಗಾಗಿ ಗೀತೆಯ ಕೊನೆಯ ಸಾಲನ್ನೇ ಇಂಟ್ರೊ ಮಾಡಿದರೆ ಜನರಿಗೆ ಶ್ರುತಿಯೂ ಗತಿಯೂ ಒಟ್ಟಿಗೆ ತಿಳಿಯುತ್ತವೆ.

ಮೂರನೆಯದು ಸ್ವರ ಬದಲಾವಣೆಯ ನಿಯಮ. ಅನೇಕರು ಎಡವುವುದು ಇಲ್ಲಿಯೇ. ನಾವು ಎಫ್ ಕಾರ್ಡ್ ಹಿಡಿದಾಗ ಬೇಸಿನ ಸಿ ನೇರವಾಗಿ ಎಫ್ ಆಗಬೇಕು. ಇದಕ್ಕೆ ರೂಟ್ ಟ್ರಾನ್ಸ್ ನಿಯಮ. ಆದರೆ ಸಿ, ಇ, ಜಿ ಹಿಡಿದ ಪಿಯಾನೊ ಕೈ ಮೇಲಕ್ಕೆ ಹಾರದೆ, ಪಕ್ಕದಲ್ಲೇ ಸರಿದು ಸಿ, ಎಫ್, ಎ ಆಗಬೇಕು. ಇದಕ್ಕೆ ರೂಟ್ ಫಿಕ್ಸ್ಡ್. ತಾಳವಾದ್ಯಕ್ಕೆ ಯಾವ ಬದಲಾವಣೆಯೂ ಬೇಡವಾದ್ದರಿಂದ ಬೈಪಾಸ್ ಇಡಬೇಕು. ಡ್ರಮ್ ಭಾಗದಲ್ಲಿ ಒಂದೊಂದು ಮನೆಯೂ ಒಂದೊಂದು ವಾದ್ಯ. ಬೈಪಾಸ್ ಇಡದಿದ್ದರೆ ಕಾರ್ಡ್ ಬದಲಾದಾಗಲೆಲ್ಲ ಪೆಟ್ಟಿನ ನಾದವೇ ಬದಲಾಗುತ್ತದೆ.

ಚರಣಕ್ಕೆ ಮೇನ್ ಎ, ಪಲ್ಲವಿಗೆ ಮೇನ್ ಬಿ ಇಟ್ಟುಕೊಳ್ಳಿ. ಚರಣದಲ್ಲಿ ಮೆಲುವಾದ ತಬಲ ಮತ್ತು ಬೇಸ್ ಮಾತ್ರ ಇರಲಿ, ಜನರೆಲ್ಲರೂ ಸೇರುವ ಪಲ್ಲವಿಗೆ ಪಿಟೀಲಿನ ನಾದ ಸೇರಲಿ. ಮುಗಿಸಿದ ಕೂಡಲೇ ಉಳಿಸುವುದನ್ನು ಮರೆಯಬೇಡಿ. ಕರೆಂಟ್ ಹೋದರೆ ಉಳಿಸದ ಕೆಲಸವೆಲ್ಲ ಅಳಿಸಿಹೋಗುತ್ತದೆ. ಗೀತೆಪುಸ್ತಕದ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು, ಪೆನ್ ಡ್ರೈವಿನಲ್ಲಿ ಒಂದು ಪ್ರತಿ ಇಟ್ಟರೆ ಮುಂದೆ ಬರುವ ವಾದಕರಿಗೂ ಅನುಕೂಲ.

ಯಾವಾಗ ನಿಲ್ಲಿಸಬೇಕು?

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪವಿತ್ರ ದೈವಾರಾಧನಾ ವಿಧಿಯ ಸಂವಿಧಾನದಲ್ಲಿ ಆರ್ಗನ್‌ಗೆ ವಿಶೇಷ ಗೌರವ ಕೊಟ್ಟಿತು. ಜೊತೆಗೆ, ದೇವಾಲಯದ ಘನತೆಗೆ ತಕ್ಕ ಮತ್ತು ಭಕ್ತರ ಭಕ್ತಿಯನ್ನು ಬೆಳೆಸುವ ಇತರ ವಾದ್ಯಗಳಿಗೂ ದಾರಿ ತೆರೆಯಿತು. 1967ರ ಪವಿತ್ರ ಸಂಗೀತದ ಸೂಚನೆ, ವಾದ್ಯವು ಕಂಠಗಳಿಗೆ ಆಸರೆಯಾಗಬೇಕು, ಮಾತುಗಳನ್ನು ಮುಚ್ಚಬಾರದು ಎನ್ನುತ್ತದೆ. ಗುರುಗಳು ತಮಗೆ ಮೀಸಲಾದ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುವಾಗ ವಾದ್ಯ ಮೌನವಾಗಿರಬೇಕು ಎಂದೂ ಅದು ಹೇಳುತ್ತದೆ. ಅದಕ್ಕೂ ಮೊದಲು, 1958ರ ಸೂಚನೆಯೊಂದು ಸ್ವಯಂಚಾಲಿತ ಆರ್ಗನ್, ಗ್ರಾಮಫೋನ್, ಟೇಪ್‌ಗಳನ್ನು ದೈವಾರಾಧನೆಯಲ್ಲಿ ಬಳಸುವುದನ್ನು ನಿಷೇಧಿಸಿತ್ತು. ಆಗ ಅರೇಂಜರ್ ಕೀಬೋರ್ಡ್ ಇರಲಿಲ್ಲ. ಆದರೆ ಸ್ತುತಿಯನ್ನು ಅರ್ಪಿಸಬೇಕಾದವರು ಮನುಷ್ಯರು, ಯಂತ್ರವಲ್ಲ ಎಂಬ ಕಾಳಜಿ ಇಂದಿಗೂ ನಮಗೆ ಸಲ್ಲುತ್ತದೆ.

ಆದ್ದರಿಂದ ಕೀರ್ತನೆಯ ಸಾಲುಗಳನ್ನು ಮಾತಿನ ಲಯದಲ್ಲಿ ಹಾಡುವಾಗ ಸ್ಟೈಲ್ ನಿಲ್ಲಿಸಿ. ತಪಸ್ಸುಕಾಲದಲ್ಲಿ, ನಾಲ್ಕನೇ ಭಾನುವಾರ ಮತ್ತು ಮಹೋತ್ಸವ, ಹಬ್ಬಗಳನ್ನು ಬಿಟ್ಟು, ವಾದ್ಯ ಇರುವುದು ಹಾಡಿಗೆ ಆಸರೆಯಾಗಿ ಮಾತ್ರ. ಆಗ ತಾಳದ ಭಾಗಗಳನ್ನು ಮುಚ್ಚಿ, ಹಿನ್ನೆಲೆಯ ನಾದವನ್ನಷ್ಟೇ ಉಳಿಸಬಹುದು. ಪವಿತ್ರ ಗುರುವಾರದ ಮಹಿಮಾಗೀತೆಯಿಂದ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೂ ಇದೇ ಸಂಯಮ ಇರಲಿ. ಆಗ ಪಾಸ್ಖ ರಾತ್ರಿ ಮತ್ತೆ ಮೊಳಗುವ ವಾದ್ಯಕ್ಕೆ ಅರ್ಥ ಬರುತ್ತದೆ.

ಪ್ರಿಯ ಗಾನವೃಂದದವರೇ, ಈ ಹಬ್ಬದ ಕಾಲದಲ್ಲಿ ಒಂದೇ ಒಂದು ಗೀತೆಗಾದರೂ ನಿಮ್ಮದೇ ಸ್ಟೈಲ್ ರಚಿಸಿ ನೋಡಿ. ಅದು ಚೆನ್ನಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಪಲ್ಲವಿಯ ನಡುವೆ ಸ್ಟೈಲನ್ನು ನಿಲ್ಲಿಸಿಬಿಡಿ. ಜನ ಅದೇ ಗತಿಯಲ್ಲಿ, ಅದೇ ಉತ್ಸಾಹದಲ್ಲಿ ಹಾಡುತ್ತಾ ಮುಂದುವರಿದರೆ ನಿಮ್ಮ ಕೆಲಸ ಸಾರ್ಥಕ. ಹಿಂದಿನ ಬೆಂಚಿನ ಅಜ್ಜಿಯೂ ಮುಂದಿನ ಸಾಲಿನ ಮಗುವೂ ಒಂದೇ ದನಿಯಲ್ಲಿ ದೇವರನ್ನು ಸ್ತುತಿಸುವಂತಾಗಲಿ.